ಜ್ವಾಲಾಮುಖಿ ಸುಟ್ಟ ಜಾಗದಲ್ಲೂ ಕಾಡು ಬರುತ್ತದೆ. ಹಾಗಾದರೆ ಮನುಷ್ಯ ಮಾಡಿದ ಹಾನಿಗೆ ಯಾಕಿಷ್ಟು ಚಿಂತೆ?

ವಿಜ್ಞಾನ_ಟೀಚರ್ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ಎಂಟನೇ ತರಗತಿಗೆ ವಿಜ್ಞಾನ ಪಾಠ ಮಾಡುತ್ತೇನೆ. ಮೊನ್ನೆ ಪರಿಸರ ವ್ಯವಸ್ಥೆಯ ಪಾಠ ನಡೆಯುತ್ತಿತ್ತು. ಅಮೆರಿಕದ ಸೇಂಟ್ ಹೆಲೆನ್ಸ್ ಜ್ವಾಲಾಮುಖಿಯ ಎರಡು ಫೋಟೋ ತೋರಿಸಿದೆ. ಒಂದು 1980ರದ್ದು. ಕಣ್ಣು ಹಾಯಿಸಿದಷ್ಟೂ ಬೂದಿ, ಬೆಂಕಿಕಡ್ಡಿ ಚೆಲ್ಲಿದ ಹಾಗೆ ಬಿದ್ದಿರುವ ಮರಗಳು. ಇನ್ನೊಂದು ಎಷ್ಟೋ ವರ್ಷ ಕಳೆದ ಮೇಲೆ ಅದೇ ಬೆಟ್ಟದಲ್ಲಿ ತೆಗೆದದ್ದು. ಹಸಿರು, ನಡುವೆ ನೇರಳೆ ಹೂವು.

ಹಿಂದಿನ ಬೆಂಚಿನ ಹುಡುಗಿ ಕೈ ಎತ್ತಿದಳು. "ಟೀಚರ್, ಬೆಟ್ಟವೇ ಒಡೆದುಹೋದರೂ ಕಾಡು ವಾಪಸ್ ಬಂತು. ಹಾಗಾದರೆ ನಾವು ಮರ ಕಡಿದರೆ ಯಾಕೆ ಅಷ್ಟು ಬೇಜಾರು ಮಾಡ್ಕೋಬೇಕು? ಅದೂ ವಾಪಸ್ ಬರುತ್ತಲ್ವಾ?"

ಮನುಷ್ಯ ಮಾಡುವ ಹಾನಿ ಜಾಸ್ತಿ ಅಂತ ಏನೋ ಹೇಳಿದೆ. ಅವಳು ತಲೆ ಆಡಿಸಿ ಕೂತಳು. ಆದರೆ ಅವಳಿಗೆ ಸಮಾಧಾನ ಆಗಲಿಲ್ಲ ಅಂತ ಮುಖ ನೋಡಿದರೇ ಗೊತ್ತಾಗುತ್ತಿತ್ತು. ನನಗೂ ಆಗಲಿಲ್ಲ. ಒಂದು ಜ್ವಾಲಾಮುಖಿಗಿಂತ ಜಾಸ್ತಿ ಹಾನಿ ಒಂದು ಗರಗಸ ಮಾಡುತ್ತದೆಯೇ? ಅಷ್ಟು ಸುಲಭವಾಗಿ ಹೇಳಿಬಿಡಬಹುದೇ?

ನಿಜವಾದ ವ್ಯತ್ಯಾಸ ಎಲ್ಲಿದೆ ಅಂತ ಗೊತ್ತಿದ್ದವರು ತಿಳಿಸಿ. ಸಂಪನ್ಮೂಲ ಉಳಿಸಿ ಅಂತ ಪಾಠದ ಕೊನೆಯಲ್ಲಿ ಬರುತ್ತದೆ. ನೀರು ಉಳಿಸಿ, ಲೈಟ್ ಆರಿಸಿ ಅಂತ ಸುಮ್ನೆ ಘೋಷಣೆ ಬರೆಸಿ ಮುಗಿಸಲು ನನಗೆ ಮನಸ್ಸಿಲ್ಲ. ಸೋಮವಾರ ಮತ್ತೆ ಅದೇ ತರಗತಿ ಇದೆ.

ಮಣ್ಣುಮುಟ್ಟಿ ಉತ್ತರ:

ಟೀಚರ್, ಆ ಹುಡುಗಿಗೆ ಮೊದಲು ನನ್ನ ಕಡೆಯಿಂದ ಶಭಾಷ್ ಹೇಳಿ. ನಾನು 26 ವರ್ಷ ಮಣ್ಣು ಪರೀಕ್ಷೆ ಮಾಡುವ ಲ್ಯಾಬಿನಲ್ಲಿದ್ದೆ. ಈ ಪ್ರಶ್ನೆ ನನ್ನನ್ನೂ ಬಹಳ ದಿನ ಬಿಡದೆ ಕಾಡಿದೆ.

ಪೆಟ್ಟು ಎಷ್ಟು ದೊಡ್ಡದು ಅಂತ ಅಳೆಯುತ್ತಾ ಕೂತರೆ ಉತ್ತರ ಸಿಗುವುದಿಲ್ಲ. ಎರಡು ಮಾತು ಕೇಳಬೇಕು. ಪೆಟ್ಟು ಬಿದ್ದ ಮೇಲೆ ಏನು ಉಳಿದಿದೆ? ಮುಂದಿನ ಪೆಟ್ಟು ಬೀಳುವ ತನಕ ಎಷ್ಟು ಬಿಡುವು ಇದೆ?

ನಿಮ್ಮ ಫೋಟೋವನ್ನೇ ತೆಗೆದುಕೊಳ್ಳಿ. 1980ರ ಮೇ 18, ಬೆಳಿಗ್ಗೆ 8 ಗಂಟೆ 32 ನಿಮಿಷ. ಬೆಟ್ಟದ ಉತ್ತರದ ಮಗ್ಗುಲು ಕುಸಿಯಿತು, ಬಿಸಿ ಗಾಳಿ, ಕಲ್ಲು, ಬೂದಿ ಅಡ್ಡಕ್ಕೆ ಸ್ಫೋಟಿಸಿ ಸುಮಾರು 600 ಚದರ ಕಿಲೋಮೀಟರ್ ಕಾಡನ್ನು ಮಲಗಿಸಿತು. 57 ಜನ ಸತ್ತರು. ಮೇಲಿನಿಂದ ನೋಡಿದರೆ ಒಂದು ಇರುವೆಯೂ ಉಳಿದಿಲ್ಲ ಅನ್ನಿಸುವ ಹಾಗಿತ್ತು. ಆದರೆ ಅದು ವಸಂತದ ಶುರು. ಎತ್ತರದ ಕೆಲವು ಕಡೆ ಹಿಮ ಇನ್ನೂ ಕರಗಿರಲಿಲ್ಲ. ಆ ಹಿಮದ ಹೊದಿಕೆಯ ಕೆಳಗೆ ಚಿಕ್ಕ ಗಿಡಗಳು ಬದುಕಿಕೊಂಡವು. ಕೆಲವು ಕೆರೆಗಳ ಮೇಲೆ ಮಂಜುಗಡ್ಡೆ ಕಟ್ಟಿತ್ತು, ಅದರಡಿಯ ಜೀವಿಗಳೂ ಉಳಿದವು. ಗೋಫರ್ ಅಂತ ಒಂದು ಪ್ರಾಣಿ ಇದೆ, ಹೆಗ್ಗಣದ ಹಾಗೆ ಬಿಲ ತೋಡಿಕೊಂಡು ನೆಲದೊಳಗೇ ಇರುತ್ತದೆ. ಅದು ಬಿಲದಲ್ಲಿತ್ತು.

ಆಮೇಲೆ ಆ ಗೋಫರ್ ಮಾಡಿದ್ದು ನನಗೆ ತುಂಬಾ ಇಷ್ಟ. ತನ್ನ ಪಾಡಿಗೆ ಬೇರು ಹುಡುಕುತ್ತಾ ತೋಡಿತು. ತೋಡಿದಾಗ ಬೂದಿಯ ಕೆಳಗಿದ್ದ ಹಳೇ ಮಣ್ಣು ಮೇಲೆ ಬಂತು. ಆ ಮಣ್ಣಿನಲ್ಲಿ ಬೀಜ, ಬ್ಯಾಕ್ಟೀರಿಯಾ, ಶಿಲೀಂಧ್ರ ಎಲ್ಲವೂ ಇದ್ದವು. ಅದು ಗುಡ್ಡೆ ಹಾಕಿದ ಮಣ್ಣಿನ ಮೇಲೆ ಗಿಡಗಳು ಎದ್ದವು. ಇನ್ನು ನಿಮ್ಮ ಫೋಟೋದ ನೇರಳೆ ಹೂವು ಬಹುಶಃ ಲೂಪಿನ್. ಹುರುಳಿ, ಅವರೆಯ ಕುಟುಂಬದ್ದೇ ಗಿಡ. ಬೂದಿಯಲ್ಲಿ ಸಾರಜನಕ ಇರುವುದಿಲ್ಲ. ಲೂಪಿನ್ನಿನ ಬೇರಿನ ಗಂಟಿನಲ್ಲಿರುವ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನೇ ಹಿಡಿದು ಗೊಬ್ಬರ ಮಾಡಿಕೊಡುತ್ತದೆ. ಬರೀ ಬೂದಿಯ ಬಯಲಿಗೆ ಅದು ಒಂದೆರಡು ವರ್ಷದಲ್ಲೇ ಬಂದು ಕಾಲೂರಿತು.

ಅಂದರೆ ಉಳಿಕೆ ಇತ್ತು. ಬಿಡುವೂ ಸಿಕ್ಕಿತು. 1982ರಲ್ಲಿ ಅಲ್ಲಿನ ಸರ್ಕಾರ ಆ ಜಾಗದ ದೊಡ್ಡ ಭಾಗವನ್ನು ಬೇರೆ ತೆಗೆದಿಟ್ಟಿತು. ಅದು ತಾನಾಗಿ ಹೇಗೆ ಚೇತರಿಸಿಕೊಳ್ಳುತ್ತದೋ ನೋಡೋಣ ಅಂತ ಕೈ ಕಟ್ಟಿ ಕೂತಿತು. ಕೈ ಕಟ್ಟಿ ಕೂರುವುದೂ ಒಂದು ಕೆಲಸವೇ ಟೀಚರ್.

ಏನೂ ಉಳಿಯದೇ ಹೋದರೆ? ಇಂಡೋನೇಷ್ಯಾದ ಕ್ರಕಟೋವ ಅನ್ನುವ ಜ್ವಾಲಾಮುಖಿ ದ್ವೀಪ ನೋಡಿ. 1883ರ ಆಗಸ್ಟ್‌ನಲ್ಲಿ ಆ ದ್ವೀಪದ ಬಹುಪಾಲು ಸಿಡಿದುಹೋಯಿತು. ಉಳಿದ ಚೂರು ಬಿಸಿ ಬೂದಿಯಲ್ಲಿ ಹೂತುಹೋಯಿತು. ಮಾರನೇ ವರ್ಷ ಮೇ ತಿಂಗಳಲ್ಲಿ ಅಲ್ಲಿಗೆ ಹೋದವರಿಗೆ ಎಷ್ಟು ಹುಡುಕಿದರೂ ಸಿಕ್ಕಿದ್ದು ಒಂದೇ ಒಂದು ಪುಟ್ಟ ಜೇಡ. ಗಾಳಿಯಲ್ಲಿ ನೂಲು ಬಿಟ್ಟುಕೊಂಡು ತೇಲಿ ಬಂದದ್ದು. ಇವತ್ತು ಅಲ್ಲಿ ಕಾಡಿದೆ. ಯಾಕೆ? ಹತ್ತಾರು ಕಿಲೋಮೀಟರ್ ಆಚೆ ಜಾವಾ, ಸುಮಾತ್ರಾ ಇದ್ದವು. ಬೀಜ ನೀರಲ್ಲಿ ತೇಲಿತು, ಗಾಳಿಯಲ್ಲಿ ಹಾರಿತು, ಹಕ್ಕಿಯ ಹೊಟ್ಟೆಯಲ್ಲಿ ಬಂತು. ತನ್ನ ಮನೆ ಸುಟ್ಟರೂ ನೆರೆಮನೆ ಚೆನ್ನಾಗಿತ್ತು.

ಈಗ ನಮ್ಮ ಕೆಲಸಕ್ಕೆ ಬನ್ನಿ. ಒಂದು ಸಲ ಲ್ಯಾಬಿಗೆ ಹಳೇ ಗಣಿ ಜಾಗದ ಮಣ್ಣು ಬಂತು. ಅಲ್ಲಿ ಮೂರು ಸಲ ಸಸಿ ನೆಟ್ಟಿದ್ದರು, ಮೂರು ಸಲವೂ ಒಣಗಿಹೋಗಿತ್ತು. ಗೊಬ್ಬರ ಯಾವುದು ಹಾಕಲಿ ಅಂತ ಕೇಳಿದ್ದರು. ನನಗೆ ಒಂದು ಅಭ್ಯಾಸ. ಯಾವ ಮಣ್ಣು ಬಂದರೂ ಚೀಲ ಬಿಚ್ಚಿ, ಸ್ವಲ್ಪ ನೀರು ಚಿಮುಕಿಸಿ ಮೂಸುತ್ತೇನೆ. ಮೊದಲ ಮಳೆಗೆ ಬರುವ ಘಮ ಇದೆಯಲ್ಲ, ಅದು ಮಣ್ಣಿನ ಬ್ಯಾಕ್ಟೀರಿಯಾ ತಯಾರಿಸುವ ಜಿಯೋಸ್ಮಿನ್ ಅನ್ನುವ ವಸ್ತುವಿನದು. ಆ ಚೀಲದಿಂದ ಯಾವ ವಾಸನೆಯೂ ಬರಲಿಲ್ಲ. ಒದ್ದೆ ಕಲ್ಲಿನ ವಾಸನೆ, ಅಷ್ಟೇ. ಆಮೇಲೆ ವಿಚಾರಿಸಿದರೆ, ಅಗೆಯುವಾಗ ಮೇಲ್ಮಣ್ಣನ್ನು ಬೇರೆ ತೆಗೆದಿಟ್ಟಿರಲಿಲ್ಲ. ಕಲ್ಲಿನ ಜೊತೆ ಕಲಸಿ ಅಡಿಗೆ ಹಾಕಿದ್ದರು. ಆ ಮಣ್ಣನ್ನು ಮೊದಲೇ ಕೆರೆದು, ಗಾಳಿ ಆಡುವಷ್ಟು ತಗ್ಗಾದ ಗುಡ್ಡೆಯಾಗಿ ಪಕ್ಕಕ್ಕಿಟ್ಟು, ಬೇಗ ವಾಪಸ್ ಹರಡಿದ್ದರೆ ಸಾಕಿತ್ತು. ಒಂದು ಸೆಂಟಿಮೀಟರ್ ಮೇಲ್ಮಣ್ಣು ಆಗಲು ನೂರಾರು ವರ್ಷ ಬೇಕು. ಅದನ್ನು ಒಂದು ಮಧ್ಯಾಹ್ನದಲ್ಲಿ ಹೂತಿದ್ದರು. ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಹಾಗಾಗಿ ಆ ಹುಡುಗಿಗೆ ಹೇಳಿ: ಮರ ಕಡಿದರೆ ವಾಪಸ್ ಬರಬಹುದು. ಬೇರು ಬಿಟ್ಟರೆ, ಮಣ್ಣು ಬಿಟ್ಟರೆ, ಪಕ್ಕದಲ್ಲಿ ಕಾಡು ಬಿಟ್ಟರೆ, ಮತ್ತೆ ಮತ್ತೆ ಕಡಿಯದೆ ಸುಮ್ಮನಿದ್ದರೆ. ನಾವು ಸಾಮಾನ್ಯವಾಗಿ ಈ ನಾಲ್ಕರಲ್ಲಿ ಒಂದನ್ನೂ ಬಿಡುವುದಿಲ್ಲ.

ಇನ್ನೊಂದು. ಪ್ರಕೃತಿ ವಿಕೋಪ ಬೇರೆ, ಮನುಷ್ಯನ ಹಾನಿ ಬೇರೆ ಅಂತ ಪಾಠದಲ್ಲಿ ಎರಡು ಪಟ್ಟಿ ಇರುತ್ತದೆ. ನಿಜದಲ್ಲಿ ಎರಡೂ ಒಂದಕ್ಕೊಂದು ಹೆಣೆದುಕೊಂಡಿರುತ್ತವೆ. ಅಮೆರಿಕದ ನಡುಭಾಗದ ಹುಲ್ಲುಗಾವಲು ಸಾವಿರಾರು ವರ್ಷ ಬರಗಾಲ ಕಂಡಿತ್ತು. ಹುಲ್ಲಿನ ಬೇರು ಆಳಕ್ಕಿಳಿದು ಮಣ್ಣು ಹಿಡಿದಿತ್ತು. ಗೋಧಿ ಬಿತ್ತಲು ಆ ಹುಲ್ಲನ್ನು ಉತ್ತು ತೆಗೆದರು. 1930ರ ದಶಕದಲ್ಲಿ ಬರ ಬಂದಾಗ ಮಣ್ಣೇ ಎದ್ದು ಹಾರಿತು. 1935ರ ಏಪ್ರಿಲ್ 14ರಂದು ಹಗಲಲ್ಲೇ ಕತ್ತಲಾಗುವಷ್ಟು ಧೂಳು. ಮಳೆ ಬಾರದೆ ಇದ್ದದ್ದು ಪ್ರಕೃತಿಯದು. ಮಣ್ಣು ಹಾರಿದ್ದು ನೇಗಿಲಿನದು.

ಸೋಮವಾರಕ್ಕೆ ಒಂದು ಪ್ರಯೋಗ ಕೊಡುತ್ತೇನೆ. ಗೋಲಿ ಗಾತ್ರದ ಎರಡು ಮಣ್ಣ ಹೆಂಟೆ ತನ್ನಿ. ಒಂದು ಬಹಳ ದಿನದಿಂದ ಹುಲ್ಲು ಇರುವ, ಯಾರೂ ಅಗೆಯದ ಜಾಗದ್ದು. ಇನ್ನೊಂದು ಪದೇ ಪದೇ ಅಗೆದ ಜಾಗದ್ದು. ನೆರಳಲ್ಲಿ ಪೂರ್ತಿ ಒಣಗಿಸಿ. ಎರಡು ಗಾಜಿನ ಲೋಟ ತುಂಬಾ ನೀರು. ಟೀ ಸೋಸುವ ಜಾಲರಿಯಲ್ಲಿ ಹೆಂಟೆ ಇಟ್ಟು ಮೆಲ್ಲಗೆ ಮುಳುಗಿಸಿ. ಏನೂ ಹೇಳಬೇಡಿ. ಮಕ್ಕಳು ನೋಡಲಿ.

ಕಡಲಹಾದಿ ಉತ್ತರ:

ಮಣ್ಣುಮುಟ್ಟಿ ಸರ್ ಹೇಳಿದ 'ಬಿಡುವು' ಸಮುದ್ರದಲ್ಲಿ ಇನ್ನೂ ಚೆನ್ನಾಗಿ ಕಾಣುತ್ತದೆ.

ಹವಳದ ದಿಬ್ಬಕ್ಕೆ ಚಂಡಮಾರುತ ಹೊಸದಲ್ಲ. ಅಲೆ ಬಡಿದು ಹವಳ ಮುರಿಯುತ್ತದೆ. ಹತ್ತು ಹದಿನೈದು ವರ್ಷ ಬಿಟ್ಟರೆ ಬೇಗ ಬೆಳೆಯುವ ಜಾತಿಗಳು ಮತ್ತೆ ತುಂಬಿಕೊಳ್ಳುತ್ತವೆ. ಈಗಿನ ತೊಂದರೆ ನೀರಿನ ಬಿಸಿ. ಹವಳದ ಮೈಯೊಳಗೆ ಅತಿ ಸಣ್ಣ ಪಾಚಿ ವಾಸ ಮಾಡುತ್ತದೆ. ಹವಳಕ್ಕೆ ಬಣ್ಣವೂ ಅದರಿಂದ, ಊಟದ ಬಹುಪಾಲೂ ಅದರಿಂದ. ನೀರು ವಾರಗಟ್ಟಲೆ ಒಂದು ಡಿಗ್ರಿಯಷ್ಟು ಜಾಸ್ತಿ ಬಿಸಿ ಇದ್ದರೆ ಹವಳ ಆ ಪಾಚಿಯನ್ನು ಹೊರಗೆ ಹಾಕಿಬಿಡುತ್ತದೆ. ಬೆಳ್ಳಗಾಗುತ್ತದೆ. ಅದು ಸಾವಲ್ಲ, ಉಪವಾಸ. ಬೇಗ ತಣ್ಣಗಾದರೆ ಬದುಕುತ್ತದೆ.

ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್‌ನಲ್ಲಿ 2024ರ ತನಕ ದೊಡ್ಡ ಪ್ರಮಾಣದಲ್ಲಿ ಹೀಗಾದ ವರ್ಷಗಳನ್ನು ಬೋರ್ಡ್ ಮೇಲೆ ಬರೆಯಿರಿ ಟೀಚರ್: 1998, 2002, 2016, 2017, 2020, 2022, 2024. ನಡುವಿನ ಅಂತರ ಮಕ್ಕಳೇ ಕಳೆದು ನೋಡಲಿ. ನೀವು ಬೇರೇನೂ ಹೇಳಬೇಕಾಗಿಲ್ಲ.

ಇನ್ನು ಕಾಂಡ್ಲಾ ಕಾಡು, ಅಂದರೆ ಮ್ಯಾಂಗ್ರೋವ್. 2004ರ ಡಿಸೆಂಬರ್ 26ರ ಸುನಾಮಿಯ ನಂತರ ಇದರ ಬಗ್ಗೆ ಮಾತು ಜಾಸ್ತಿಯಾಯಿತು. ಅಷ್ಟು ದೊಡ್ಡ ಅಲೆಯನ್ನು ಮರಗಳೇ ನಿಲ್ಲಿಸಿಬಿಡುತ್ತವೆ ಅಂತ ಮಕ್ಕಳಿಗೆ ಹೇಳಬೇಡಿ, ಅದು ಸುಳ್ಳು ಭರವಸೆ. ಆದರೆ ಬಿರುಗಾಳಿಯ ಅಲೆಗಳ ಹೊಡೆತವನ್ನು ಆ ಬೇರುಗಳು ಮುರಿಯುತ್ತವೆ, ದಡದ ಮಣ್ಣು ಹಿಡಿಯುತ್ತವೆ, ಮೀನುಮರಿಗಳಿಗೆ ತೊಟ್ಟಿಲಾಗುತ್ತವೆ. ಸಿಗಡಿ ಹೊಂಡಕ್ಕಾಗಿ ಅವನ್ನು ಕಡಿದ ಕಡೆ ಈ ಮೂರೂ ಒಟ್ಟಿಗೆ ಹೋಗುತ್ತವೆ.

ಬೆಂಕಿರೇಖೆ ಉತ್ತರ:

ಒಪ್ಪುತ್ತೇನೆ, ಆದರೆ ಒಂದು ಬದಿ ಬಿಟ್ಟುಹೋಗಿದೆ. ವಿಕೋಪ ಅಂತ ನಾವು ಕರೆಯುವುದೆಲ್ಲ ಕಾಡಿಗೆ ವಿಕೋಪ ಅಲ್ಲ. ಅದನ್ನು ತಡೆಯುವುದೂ ಹಾನಿ ಆಗಬಹುದು.

ಕ್ಯಾಲಿಫೋರ್ನಿಯಾದ ಸೆಕ್ವೋಯಾ ಮರಗಳು ಎರಡು ಮೂರು ಸಾವಿರ ವರ್ಷ ಬದುಕುತ್ತವೆ. ತೊಗಟೆ ಒಂದೂವರೆ ಅಡಿಗೂ ದಪ್ಪ, ಮೆತ್ತಗೆ ನಾರಿನ ಹಾಗೆ. ನೆಲದ ಬೆಂಕಿ ಅದನ್ನು ಸುಡಲಾರದು. ಕಾಯಿ ಮಾತ್ರ ಕೋಳಿಮೊಟ್ಟೆ ಗಾತ್ರ, ಹಸಿರಾಗಿ ಇಪ್ಪತ್ತು ವರ್ಷ ಬೇಕಾದರೂ ಮರದಲ್ಲೇ ಮುಚ್ಚಿಕೊಂಡು ಕೂತಿರುತ್ತದೆ. ಕೆಳಗೆ ಬೆಂಕಿ ಹೋದರೆ ಬಿಸಿಗಾಳಿ ಮೇಲೇರಿ ಕಾಯಿ ಒಣಗಿ ಬಾಯಿ ಬಿಡುತ್ತದೆ. ಅಷ್ಟು ಹೊತ್ತಿಗೆ ಕೆಳಗೆ ತರಗೆಲೆ ಸುಟ್ಟು ಮಣ್ಣು ಬರಿದಾಗಿರುತ್ತದೆ, ಬಿಸಿಲು ಬೀಳುತ್ತಿರುತ್ತದೆ. ಬೀಜಕ್ಕೆ ಬೇಕಾದದ್ದು ಅದೇ.

ಕಾಡು ಕಾಯುತ್ತೇವೆ ಅಂತ ದಶಕಗಟ್ಟಲೆ ಪ್ರತಿಯೊಂದು ಕಿಡಿಯನ್ನೂ ಆರಿಸಿದರು. ಸಾವಿರಾರು ವರ್ಷದಿಂದ ಅಲ್ಲಿನ ಮೂಲನಿವಾಸಿಗಳು ಹದವಾಗಿ ಬೆಂಕಿ ಹಾಕುತ್ತಿದ್ದರು, ಅದನ್ನೂ ನಿಲ್ಲಿಸಿದರು. ಸಸಿ ಹುಟ್ಟುವುದು ನಿಂತಿತು. ಅದು ಗಮನಕ್ಕೆ ಬಂದು 1960ರ ದಶಕದಲ್ಲಿ ತಾವೇ ಬೆಂಕಿ ಹಾಕಲು ಶುರುಮಾಡಿದರು. ಆದರೆ ಅಷ್ಟರಲ್ಲಿ ಕುರುಚಲು, ಒಣ ಕಟ್ಟಿಗೆ ರಾಶಿ ಬಿದ್ದಿತ್ತು. ಮೇಲಿಂದ ಬರ, ಬಿಸಿಲು. 2020ರಲ್ಲಿ ಬೆಂಕಿ ನೆತ್ತಿಗೇರಿ ಸಾವಿರಾರು ದೊಡ್ಡ ಸೆಕ್ವೋಯಾಗಳು ಸತ್ತವು. ಎಷ್ಟೋ ಬೆಂಕಿ ಗೆದ್ದಿದ್ದ ಮರಗಳು.

ಪ್ರವಾಹವೂ ಹಾಗೆಯೇ. ನೈಲ್ ನದಿಯ ನೆರೆ ಪ್ರತಿ ವರ್ಷ ಮೆಕ್ಕಲು ಮಣ್ಣು ತರುತ್ತಿತ್ತು. 1970ರಲ್ಲಿ ಅಸ್ವಾನ್ ದೊಡ್ಡ ಅಣೆಕಟ್ಟು ಮುಗಿಯಿತು. ಕರೆಂಟು ಬಂತು, ಬರದ ಭಯ ಹೋಯಿತು, ಅದು ಸಣ್ಣ ಲಾಭವಲ್ಲ. ಆದರೆ ಮೆಕ್ಕಲು ಅಣೆಕಟ್ಟಿನ ಹಿಂದೆ ಕೂತಿತು. ನದಿ ಸಮುದ್ರ ಸೇರುವ ಕಡೆ ದಡ ಕೊಚ್ಚಿಹೋಗತೊಡಗಿತು.

ಹಾಗಾಗಿ ದಯವಿಟ್ಟು ಮನುಷ್ಯ ಕೆಟ್ಟವನು, ಪ್ರಕೃತಿ ಒಳ್ಳೆಯದು ಅಂತ ಮಕ್ಕಳಿಗೆ ಕಲಿಸಬೇಡಿ. ಹದ ಅರಿತು ಬೆಂಕಿ ಹಾಕಿದವರೂ ಮನುಷ್ಯರೇ.

ವಿಜ್ಞಾನ_ಟೀಚರ್:

ಮೂವರಿಗೂ ತುಂಬಾ ಧನ್ಯವಾದ. ಸೋಮವಾರದ ವರದಿ ಕೊಡುತ್ತೇನೆ.

ಆರು ಗುಂಪು, ಹನ್ನೆರಡು ಲೋಟ. ಹೆಂಟೆ ಮುಳುಗಿಸಿದ ತಕ್ಷಣ ಅಗೆದ ಮಣ್ಣಿನ ಅಂಚು ಸರ್ರನೆ ಉದುರಿತು. ಲೋಟದ ತಳಕ್ಕೆ ಹೊಗೆ ಇಳಿದ ಹಾಗೆ ಕಂದು ಬಣ್ಣ ಇಳಿಯಿತು. ಎರಡು ನಿಮಿಷಕ್ಕೆ ಜಾಲರಿ ಖಾಲಿ. ಹುಲ್ಲಿನ ಜಾಗದ್ದು ಸಣ್ಣ ಸಣ್ಣ ಗುಳ್ಳೆ ಬಿಡುತ್ತಾ ಹಾಗೇ ಕೂತಿತ್ತು. ಪಾಠ ಮುಗಿದು ಗಂಟೆ ಹೊಡೆದಾಗಲೂ ಕೂತಿತ್ತು. ಆ ಹುಡುಗಿ ಭೂತಗನ್ನಡಿ ಹಿಡಿದು ನೋಡಿ, "ಟೀಚರ್, ಕೂದಲಿನ ಹಾಗೆ ಬೇರು ಕಟ್ಟಿಹಾಕಿದೆ" ಅಂದಳು. ಒಂದು ಗುಂಪಿನದು ಮಾತ್ರ ಹುಲ್ಲಿನ ಹೆಂಟೆಯೂ ಕರಗಿಹೋಯಿತು, ಪಾಪ, ಬೇಜಾರಾದರು. ಯಾಕಿರಬಹುದು ಸರ್?

ಹವಳದ ವರ್ಷಗಳನ್ನು ಕಳೆದು ನೋಡಿದಾಗ ತರಗತಿ ನಿಶ್ಶಬ್ದವಾಯಿತು. ಆಮೇಲೆ ಅವಳದೇ ಪ್ರಶ್ನೆ: "ಹಾಗಾದರೆ ನಾವು ಬಿಡುವು ಕೊಟ್ಟರೆ ಎಲ್ಲವೂ ವಾಪಸ್ ಬರುತ್ತಾ?"

ಮಣ್ಣುಮುಟ್ಟಿ:

ಮೊದಲು ಆ ಗುಂಪಿಗೆ ಹೇಳಿ, ಅವರ ತಪ್ಪಿಲ್ಲ. ಮರಳು ಜಾಸ್ತಿ ಇರುವ ಮಣ್ಣು ಹೆಂಟೆ ಕಟ್ಟುವುದೇ ಕಷ್ಟ, ಜೇಡಿಯ ಅಂಟು ಅದರಲ್ಲಿ ಇರುವುದಿಲ್ಲ. ಬೆರಳ ನಡುವೆ ಉಜ್ಜಿ ನೋಡಲಿ, ಕರಕರ ಅಂದರೆ ಅದೇ ಕಾರಣ. ಗುಳ್ಳೆ ಕಂಡವರಿಗೂ ಹೇಳಿ: ನೀರು ಒಳಗೆ ನುಗ್ಗಿದಾಗ ಗಾಳಿ ಹೊರಗೆ ಬರಲು ಒತ್ತುತ್ತದೆ. ಬೇರು, ಶಿಲೀಂಧ್ರದ ಎಳೆ, ಸೂಕ್ಷ್ಮಜೀವಿಗಳ ಅಂಟು ಇದ್ದರೆ ಹೆಂಟೆ ಆ ಒತ್ತಡ ತಡೆಯುತ್ತದೆ. ಇಲ್ಲದಿದ್ದರೆ ಒಡೆಯುತ್ತದೆ. ಹೊಲದ ಮೇಲೆ ಜೋರು ಮಳೆ ಬಿದ್ದಾಗ ಆಗುವುದೂ ಇದೇ.

ಅವಳ ಪ್ರಶ್ನೆಗೆ ಉತ್ತರ: ಎಲ್ಲವೂ ಬರುವುದಿಲ್ಲ. ಸುಳ್ಳು ಹೇಳಬೇಡಿ. ಕೆನಡಾದ ನ್ಯೂಫೌಂಡ್‌ಲ್ಯಾಂಡ್ ಕಡಲಲ್ಲಿ ಕಾಡ್ ಅನ್ನುವ ಜಾತಿಯ ಮೀನನ್ನು ಶತಮಾನಗಳಿಂದ ಹಿಡಿಯುತ್ತಿದ್ದರು. ದೊಡ್ಡ ಹಡಗುಗಳು ಬಂದ ಮೇಲೆ ಹಿಡಿದದ್ದೇ ಹಿಡಿದದ್ದು. 1992ರಲ್ಲಿ ಮೀನೇ ಇಲ್ಲವಾಗಿ ಸರ್ಕಾರ ಹಿಡಿಯುವುದನ್ನು ನಿಲ್ಲಿಸಿತು. ಎರಡು ವರ್ಷ ಸಾಕು ಅಂದುಕೊಂಡಿದ್ದರು. ಆ ನಿಷೇಧ ತೆಗೆದದ್ದು 2024ರಲ್ಲಿ, ಅದೂ ಸ್ವಲ್ಪ ಹಿಡಿಯಲು ಮಾತ್ರ. ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು ಅಂತಾರಲ್ಲ, ಸಮುದ್ರದಷ್ಟು ದೊಡ್ಡ ಕುಡಿಕೆಯೂ ಸಾಲಲಿಲ್ಲ.

ಬಂದದ್ದೂ ಇದೆ. ಅರಲ್ ಸಮುದ್ರ ಒಂದು ಕಾಲಕ್ಕೆ ಜಗತ್ತಿನ ನಾಲ್ಕನೇ ದೊಡ್ಡ ಸರೋವರ. 1960ರ ದಶಕದಿಂದ ಹತ್ತಿ ಬೆಳೆಗೆ ಅದರ ಎರಡೂ ನದಿಗಳ ನೀರು ತಿರುಗಿಸಿದರು. ಒಣಗುತ್ತಾ ಒಣಗುತ್ತಾ ಉಪ್ಪಿನ ಮರುಭೂಮಿಯಾಯಿತು. 2005ರಲ್ಲಿ ಕಝಾಕಿಸ್ತಾನ ಉತ್ತರದ ಚಿಕ್ಕ ಭಾಗಕ್ಕೆ ಕೊಕ್ ಅರಲ್ ಅನ್ನುವ ಕಟ್ಟೆ ಹಾಕಿತು. ನೀರು ಬೇಗ ಏರಿತು, ಉಪ್ಪು ಇಳಿಯಿತು, ಸಿಹಿನೀರಿನ ಮೀನು ನದಿಯಿಂದ ಇಳಿದು ಬಂತು. ಮೀನುಗಾರರು ಮತ್ತೆ ದೋಣಿ ಇಳಿಸಿದರು. ದಕ್ಷಿಣ ಭಾಗ ಮಾತ್ರ ಹಾಗೇ ಒಣಗಿತು. ಒಂದೇ ಸರೋವರದ ಎರಡು ಕಥೆ.

ಸಂಪನ್ಮೂಲದ ಪಾಠಕ್ಕೆ ನಾನಾಗಿದ್ದರೆ 'ಎಷ್ಟು ಬೇಗ ವಾಪಸ್ ತುಂಬುತ್ತದೆ' ಅಂತ ಒಂದೊಂದನ್ನೇ ಕೇಳುತ್ತಿದ್ದೆ. ನದಿ ನೀರು ಮುಂದಿನ ಮಳೆಗೆ ತುಂಬುತ್ತದೆ. ಆಳದ ಅಂತರ್ಜಲಕ್ಕೆ ಕೆಲವು ಕಡೆ ಸಾವಿರಾರು ವರ್ಷ. ಕಲ್ಲಿದ್ದಲಿಗೆ ಕೋಟ್ಯಂತರ ವರ್ಷ, ಅಂದರೆ ನಮ್ಮ ಲೆಕ್ಕಕ್ಕೆ ಇಲ್ಲವೇ ಇಲ್ಲ. ಅಲ್ಯೂಮಿನಿಯಂ ಡಬ್ಬ ಕರಗಿಸಿ ಮತ್ತೆ ಮಾಡಿದರೆ ಅದಿರಿನಿಂದ ತೆಗೆಯಲು ಬೇಕಾಗುವುದರಲ್ಲಿ ನೂರಕ್ಕೆ ಸುಮಾರು 95 ಪಾಲು ಶಕ್ತಿ ಉಳಿಯುತ್ತದೆ, ಅದನ್ನು ಬಿಸಾಡುವುದು ಅನ್ಯಾಯ. ಹೀಗೆ ಕೇಳಿದರೆ ಯಾವುದನ್ನು ಎಷ್ಟು ಹಿಡಿತದಲ್ಲಿ ಬಳಸಬೇಕು ಅಂತ ಮಕ್ಕಳೇ ಹೇಳುತ್ತಾರೆ.

ಬಿಡುವು ಅಂದರೇನು ಅಂತ ಕಣ್ಣಾರೆ ತೋರಿಸಬೇಕಾ? ಮಕ್ಕಳು ಓಡಾಡಿ ಗಟ್ಟಿಯಾದ ಬರೀ ನೆಲ ಎಲ್ಲಾದರೂ ಇರುತ್ತದೆ. ಒಂದು ಮೀಟರ್ ಚೌಕ ಅಳೆದು ನಾಲ್ಕು ಗೂಟ ಹೊಡೆದು ದಾರ ಕಟ್ಟಿ. ಪಕ್ಕದಲ್ಲೇ ಅಷ್ಟೇ ಜಾಗ ದಾರ ಕಟ್ಟದೆ ಗುರುತು ಮಾಡಿ. ಎರಡಕ್ಕೂ ನೀರು ಹಾಕಬೇಡಿ, ಬೀಜ ಹಾಕಬೇಡಿ. ತಾರೀಕು ಬರೆದಿಡಿ. ಮಳೆ ಬಿದ್ದ ಮೇಲೆ ದಿನಾ ಎಣಿಸಲಿ.

ವಿಜ್ಞಾನ_ಟೀಚರ್:

ಸರ್, ದಾರ ಕಟ್ಟಿ ಹತ್ತೊಂಬತ್ತು ದಿನ ಆಯಿತು. ನಡುವೆ ಎರಡು ಒಳ್ಳೆ ಮಳೆ ಬಿತ್ತು. ಹೊರಗಿನ ಚೌಕದಲ್ಲಿ ಹೆಜ್ಜೆ ಗುರುತು ಬಿಟ್ಟರೆ ಏನೂ ಇಲ್ಲ. ಒಳಗೆ ಇವತ್ತಿಗೆ ಏಳು ಮೊಳಕೆ. ಐದು ಹುಲ್ಲು, ಎರಡು ಯಾವುದೋ ಅಗಲ ಎಲೆಯದ್ದು, ಇನ್ನೂ ಗುರುತು ಸಿಕ್ಕಿಲ್ಲ. ಒಂದು ಮೂಲೆಯಲ್ಲಿ ಇರುವೆ ಗೂಡು ತೆರೆದಿದೆ. ಬಾಯಿಯ ಸುತ್ತ ಒಳಗಿನ ಮಣ್ಣು ಕಾಳು ಕಾಳಾಗಿ ಹೊರಗೆ ಹಾಕಿವೆ, ಸುತ್ತಲಿನ ನೆಲಕ್ಕಿಂತ ಕಪ್ಪಗಿದೆ. ಆ ಹುಡುಗಿ ಪುಸ್ತಕದಲ್ಲಿ ಅದರ ಚಿತ್ರ ಬರೆದು ಪಕ್ಕದಲ್ಲಿ "ನಮ್ಮ ಗೋಫರ್" ಅಂತ ಬರೆದಿದ್ದಾಳೆ.